ಮೋಟು ಮಧ್ಯಾಹ್ನ

ನಮ್ಮ ಊರಿನ ಅಂಗಡಿಯವರು ನನ್ನನ್ನು ದೂರದಿಂದ ಕಂಡ ಕೂಡಲೇ ತಕ್ಕಡಿ ಒರೆಸಲು ಶುರುಮಾಡುತ್ತಿದ್ದರು. ನಾನು ತೂಕ ಪರೀಕ್ಷೆಯವಳು. ಮುದ್ರೆ ಒತ್ತಿದ ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿಟ್ಟುಕೊಂಡು ಮೂವತ್ತೊಂದು ವರ್ಷ ಅಂಗಡಿ ಅಂಗಡಿ ತಿರುಗಿದವಳು. ತಟ್ಟೆಯಡಿ ಮೇಣ ಮೆತ್ತಿದವರನ್ನು ಹಿಡಿದಿದ್ದೇನೆ, ಬಟ್ಟಿನ ತಳ ಕೊರೆದವರನ್ನು ಹಿಡಿದಿದ್ದೇನೆ, ಮಾತಾಡುತ್ತಾ ಮಾತಾಡುತ್ತಾ ಕಿರುಬೆರಳಿನಿಂದ ತಕ್ಕಡಿಯ ದಂಡಿಯನ್ನು ಒತ್ತುವವರನ್ನಂತೂ ಲೆಕ್ಕವಿಲ್ಲದಷ್ಟು ಹಿಡಿದಿದ್ದೇನೆ. ಆದ್ದರಿಂದ ಈ ಸರ್ವಮಂಗಳಾಗೆ ಸಂಶಯದ ಬುದ್ಧಿ ಅಂತ ಯಾರಾದರೂ ಅಂದರೆ ನನಗೆ ಬೇಜಾರಿಲ್ಲ. ನನಗೆ ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ.

ಬೇರೆ ಊರುಗಳಲ್ಲಿ ಮುಪ್ಪಿಗೆ ಏನು ಕೂಡಿಡುತ್ತಾರೋ ನಾನರಿಯೆ. ನಮ್ಮಲ್ಲಿ ಮಧ್ಯಾಹ್ನ ಕೂಡಿಡುತ್ತಾರೆ. ಕೆಲಸಕ್ಕೆ ಸೇರಿದ ದಿನ ಠೇವಣಿ ಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿದರೆ ಮುಗಿಯಿತು. ಅಂದಿನಿಂದ ಹನ್ನೆರಡರ ಗಂಟೆ ಬಡಿದಲ್ಲಿಂದ ದೀಪ ಹಚ್ಚುವವರೆಗಿನ ಹೊತ್ತು ನಿಮ್ಮದಲ್ಲ. ಮೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ನಡೆದಾಡುತ್ತದೆ, ನಾಲ್ಕು ಜನರ ಜೊತೆ ಮಾತಾಡುತ್ತದೆ. ನಿಮಗೆ ಮಾತ್ರ ಅದರ ಒಂದು ಚೂರೂ ದಕ್ಕುವುದಿಲ್ಲ. ಎಷ್ಟೋ ಸಲ ಗಂಟೆಯ ಮೊದಲ ಏಟಿಗೆ ಬೇಳೆ ಅಂಗಡಿಯಲ್ಲಿ ಬಟ್ಟು ಎತ್ತಿದ್ದೇನೆ, ಕಣ್ಣು ಮಿಟುಕಿಸುವಷ್ಟರಲ್ಲಿ ನಮ್ಮ ಹಿತ್ತಲಲ್ಲಿ ಕಾಲು ತೊಳೆಯುತ್ತಾ ನಿಂತಿದ್ದೇನೆ. ಅರವತ್ತು ತುಂಬಿದ ಮೇಲೆ ಕೆಲಸ ಬಿಟ್ಟರೆ ಕೂಡಿಟ್ಟ ಮಧ್ಯಾಹ್ನಗಳು ದಿನಕ್ಕೊಂದರಂತೆ ಇಡಿಯಾಗಿ ಕೈಗೆ ಬರುತ್ತವೆ. ಐವತ್ತು ದಾಟಿದವರು ಮೊದಲೇ ಬೇಕು ಅಂದರೆ ಅದೂ ಉಂಟು. ಆದರೆ ಆಗ ಸಿಗುವುದು ಮೋಟು ಮಧ್ಯಾಹ್ನ. ಮೂರರ ಗಂಟೆಗೆ ಕತ್ತರಿ ಬೀಳುತ್ತದೆ, ಮೂರರಿಂದ ದೀಪದವರೆಗೆ ಮತ್ತೆ ಹಳೆಯ ಹಾಗೇ, ಇರುವಷ್ಟು ದಿನವೂ. ಒಮ್ಮೆ ನೀಲಿ ಮಸಿಯಲ್ಲಿ ಹೆಬ್ಬೆಟ್ಟು ಒತ್ತಿದ ಮೇಲೆ ಬ್ರಹ್ಮ ಬಂದರೂ ಬದಲಾಗುವುದಿಲ್ಲ.

ಇನ್ನೊಂದು ಕಟ್ಟಳೆ ಇದೆ. ಠೇವಣಿಯಲ್ಲಿರುವ ಮಧ್ಯಾಹ್ನದಲ್ಲಿ ಏನಾಯಿತು ಅನ್ನುವುದನ್ನು ಅದರ ಒಡೆಯರಿಗೆ ಯಾರೂ ಹೇಳಬಾರದು. ಹೇಳಿದರೆ ಅದು ಹಳಸಿಹೋಗುತ್ತದೆ. ಗಾಣದ ಈರಭದ್ರನ ಹೆಂಡತಿ ಒಂದು ದಿನ ಜಗಳದ ಭರದಲ್ಲಿ, ನೀನು ದಿನಾ ಮಧ್ಯಾಹ್ನ ಎಲ್ಲಿ ಕೂತಿರ್ತೀಯ ಅಂತ ನನಗೆ ಗೊತ್ತು ಅಂತ ಬಾಯಿಬಿಟ್ಟಳು. ಅವನ ಏಳು ವರ್ಷದ ಮಧ್ಯಾಹ್ನಗಳು ಅಲ್ಲೇ ಕೆಟ್ಟುಹೋದವು. ಅಂದಿನಿಂದ ನಮ್ಮ ಊರಿನಲ್ಲಿ ಚಿಕ್ಕ ಮಕ್ಕಳೂ ದೊಡ್ಡವರೆದುರು ಬಾಯಿಗೆ ಬೀಗ ಹಾಕಿಕೊಳ್ಳುತ್ತವೆ.

ನಮ್ಮವರು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಹೆಸರು ವೃಷಭೇಂದ್ರಯ್ಯ. ನನಗಿಂತ ಏಳು ವರ್ಷ ದೊಡ್ಡವರು. ಹೋದ ವರ್ಷ ಅರವತ್ತು ತುಂಬಿ, ಇಡೀ ಮಧ್ಯಾಹ್ನದ ಹಕ್ಕು ಪಡೆದು ಮನೆಯಲ್ಲಿ ಕೂತರು. ಮಕ್ಕಳಿಲ್ಲದ ಮನೆ, ನಾನು ಬೆಳಿಗ್ಗೆ ಹೊರಟರೆ ಇವರೊಬ್ಬರೇ. ಪಾಪ, ಹೊತ್ತು ಹೇಗೆ ಕಳೆಯುತ್ತಾರೋ ಅಂತ ಮೊದಲ ವಾರ ನಾನು ಮರುಗಿದ್ದೂ ಉಂಟು.

ಎರಡನೇ ವಾರದ ಒಂದು ಸಂಜೆ ಅಡುಗೆಮನೆಯಲ್ಲಿ ಎರಡು ಲೋಟ ಬೋರಲು ಹಾಕಿದ್ದವು. ನಮ್ಮವರು ಪಾತ್ರೆ ತಿಕ್ಕುವವರಲ್ಲ, ನೀರು ಹಾಯಿಸಿ ಬೋರಲು ಹಾಕುವವರು. ಎತ್ತಿ ಮೂಸಿದೆ. ಎರಡರಲ್ಲೂ ಶುಂಠಿಯ ವಾಸನೆ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಈ ಮನುಷ್ಯ ಒಲೆ ಹಚ್ಚಿದ್ದನ್ನು ನಾನು ಕಂಡವಳಲ್ಲ. ಅಂಥವರು ಶುಂಠಿ ಜಜ್ಜಿ ಟೀ ಮಾಡಿದ್ದಾರೆ, ಅದೂ ಇಬ್ಬರಿಗೆ.

"ಯಾರು ಬಂದಿದ್ರು?" ಅಂದೆ.

"ಎಲ್ಲಿಗೆ?"

"ಇಲ್ಲಿಗೆ. ಎರಡು ಲೋಟ ಇದೆ."

"ಎರಡು ಸಲ ಕುಡಿದೆ ಅಂದ್ಕೊ."

"ಅಂದ್ಕೊ ಅಂದ್ರೆ ಏನ್ರೀ? ಕುಡಿದ್ರೋ, ಇಲ್ವೋ?"

ಅವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದರು. "ಸರ್ವಮಂಗಳಾ, ಆ ಮಾತು ಬೇಡ" ಅಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದನ್ನು ನಾನು ಇಷ್ಟು ವರ್ಷ ಗುಣ ಅಂದುಕೊಂಡಿದ್ದೆ.

ಆಮೇಲೆ ದಿನಾ ಎರಡು ಲೋಟ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮನೆಯನ್ನು ನೋಡತೊಡಗಿದೆ. ಇವರ ಅಂಗಿಗೆ ಇಸ್ತ್ರಿ ಬಿದ್ದಿರುತ್ತಿತ್ತು. ತಲೆ ಬಾಚಿಕೊಂಡಿರುತ್ತಿದ್ದರು. ಒಂದೊಂದು ಸಂಜೆ ಏನೋ ನೆನೆಸಿಕೊಂಡು ತಮ್ಮಷ್ಟಕ್ಕೇ ನಗುತ್ತಿದ್ದರು, ನಾನು ನೋಡಿದರೆ ಕೆಮ್ಮುತ್ತಿದ್ದರು. ಜಗಲಿಯ ಕೆಂಪು ಗಾರೆಯ ಮೇಲೆ ನಾಲ್ಕು ಸಣ್ಣ ಗುಳಿಗಳು ಮೂಡಿದ್ದವು, ಚೌಕಾಕಾರವಾಗಿ, ಯಾರೋ ದಿನಾ ಒಂದೇ ಜಾಗದಲ್ಲಿ ಏನನ್ನೋ ಇಟ್ಟ ಹಾಗೆ. ಬೆರಳಿಟ್ಟು ಅಳೆದೆ. ಒಂದು ಗೇಣು, ಮೇಲೆ ಎರಡು ಬೆರಳು. ಎಲೆಯಡಿಕೆಯ ಪೆಟ್ಟಿಗೆ ಇರಬೇಕು. ಎಲೆ ಹಾಕುವ ಹೆಂಗಸು, ದಿನಾ ಬರುವವಳು, ಬಂದರೆ ಪೆಟ್ಟಿಗೆ ಇಟ್ಟು ನಿಧಾನವಾಗಿ ಕೂರುವವಳು. ಸುಳ್ಳೇಕೆ, ಆ ದಿನ ಊಟ ಸೇರಲಿಲ್ಲ.

ಪಕ್ಕದ ಮನೆಯ ಶಿವನಂಜಮ್ಮ ನನ್ನ ಓರಗೆಯವಳು. ಮಂಡಿನೋವು ಅಂತ ಐವತ್ತೆರಡಕ್ಕೇ ಕೆಲಸ ಬಿಟ್ಟು ಮೋಟು ಮಧ್ಯಾಹ್ನ ತೆಗೆದುಕೊಂಡವಳು. ಅವಳನ್ನು ಹಿಡಿದೆ.

"ನಮ್ಮನೆಗೆ ಮಧ್ಯಾಹ್ನ ಯಾರೇ ಬರ್ತಾರೆ?"

"ಮೂರರವರೆಗೆ ಯಾರೂ ಬರಲ್ಲ ಕಣೆ. ನಿಮ್ಮವರು ಅಂಗಾತ ಮಲಗಿ ಗೊರಕೆ ಹೊಡೀತಾರೆ. ಆಮೇಲೆ ನನಗೇನು ಗೊತ್ತು? ನಂದು ಮೂರಕ್ಕೇ ಮುಗೀತಲ್ಲ."

"ಹಾಗಾದ್ರೆ ಮೂರರ ಮೇಲೆ ಬರ್ತಾಳೆ."

"ನೀನೇನಾದ್ರೂ ಮೋಟಿಗೆ ಆಸೆ ಪಡ್ತಿದ್ದೀಯಾ? ಬೇಡ ತಾಯಿ. ಹನ್ನೆರಡರಿಂದ ಮೂರು ಅಂದ್ರೆ ಏನಿದೆ? ಸುಡೋ ಬಿಸಿಲು, ನೊಣ, ಬೆವರು. ಗಾಳಿ ತಿರುಗೋದು, ಹೂವಿನವಳು ಬರೋದು, ಜನ ಜಗಲಿಗೆ ಬರೋದು ಎಲ್ಲಾ ಆಮೇಲೆ. ನಾನು ಅವಸರಬಿದ್ದು ಹಣ್ಣು ಬಿಟ್ಟು ಸಿಪ್ಪೆ ತಗೊಂಡೆ ನೋಡು."

ಅವಳ ಕಣ್ಣಲ್ಲಿ ನೀರಿತ್ತು. ಆದರೆ ನನಗೆ ಅವಳ ಮೇಲೂ ಅನುಮಾನ. ನಾನು ಬೇಗ ಮನೆಗೆ ಬರಬಾರದು ಅಂತ ಇವಳಿಗೇಕೆ ಇಷ್ಟು ಕಾಳಜಿ? ಎದುರುಮನೆಯ ಮೇಷ್ಟ್ರು ಇಡೀ ಮಧ್ಯಾಹ್ನದವರು, ಅವರನ್ನು ಕೇಳಿದೆ. ಅವರು ಕೈಮುಗಿದು, "ನನ್ನನ್ನ ಮಾತ್ರ ಕೇಳಬೇಡಿ ತಾಯಿ" ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸರಿ, ಬೀದಿಗೆ ಬೀದಿಯೇ ಒಂದಾಗಿದೆ ಅಂದುಕೊಂಡೆ.

ಒಂದು ಬೆಳಿಗ್ಗೆ ಠೇವಣಿ ಮನೆಗೆ ಹೋದೆ. ಅಲ್ಲಿನ ಗುಮಾಸ್ತ ಕರಿಸಿದ್ದಪ್ಪ ದುಂಡಗೆ, ನುಣ್ಣಗೆ, ಈಗಷ್ಟೇ ನಿದ್ದೆ ಮಾಡಿ ಎದ್ದವರ ಹಾಗೆ ಇದ್ದ. ಅವನ ಬೆನ್ನ ಹಿಂದೆ ಒಂದು ಮುಚ್ಚಿದ ಬಾಗಿಲು. ಹೊರಗೆ ಬೆಳಗಿನ ಹತ್ತು ಗಂಟೆ, ಆದರೆ ಆ ಬಾಗಿಲ ಸಂದಿಯಿಂದ ಬರುತ್ತಿದ್ದದ್ದು ನಾಲ್ಕು ಗಂಟೆಯ ಹಳದಿ ಬಿಸಿಲು. ನಾನು ಅದನ್ನೇ ನೋಡಿದೆ. ಅವನು ಕುರ್ಚಿ ಸರಿಸಿ ಸಂದಿ ಮುಚ್ಚಿದ.

"ನಿಮಗೆ ಐವತ್ನಾಲ್ಕು. ಇನ್ನಾರು ವರ್ಷ ತಡ್ಕೊಂಡ್ರೆ ಇಡೀ ಮಧ್ಯಾಹ್ನ ಸಿಗುತ್ತೆ" ಅಂದ.

"ಆರು ವರ್ಷದೊಳಗೆ ನಾನು ಹೋಗಿಬಿಟ್ರೆ? ನನ್ನ ಮಧ್ಯಾಹ್ನ ಯಾರಿಗೆ?"

"ಊರಿಗೆ."

"ಊರು ಅಂದ್ರೆ ಯಾರು?"

ಅವನು ಆಕಳಿಸಿದ. "ಎಲ್ಲರೂ ಇದೇ ಕೇಳ್ತಾರಮ್ಮ. ಕೇಳಿ, ಅರ್ಜಿ ತಗೊಂಡು ಹೋಗ್ತಾರೆ, ಮನೇಲಿ ಯೋಚನೆ ಮಾಡ್ತಾರೆ, ತುಂಬಾ ಜನ ವಾಪಸು ಬರಲ್ಲ. ನೀವೂ ಯೋಚನೆ ಮಾಡಿ. ಯಾಕೆ ಬೇಕು ಈಗ? ಮೈಗೆ ಹುಷಾರಿಲ್ವಾ?"

"ಮೈ ಗಟ್ಟಿಯಾಗಿದೆ."

"ಮತ್ತೇನು?"

ಮನೆಗೆ ಯಾರು ಬರುತ್ತಾರೆ ಅಂತ ನೋಡಬೇಕು ಅಂತ ಹೇಳಲು ಬಾಯಿ ಬರಲಿಲ್ಲ. ಅರ್ಜಿ ಮಡಚಿ ಸೆರಗಿಗೆ ಕಟ್ಟಿಕೊಂಡು ಬಂದೆ. ಮೂರಕ್ಕೆ ಕತ್ತರಿ ಬಿದ್ದರೆ ಮೂರರ ಮೇಲೆ ಬರುವವಳನ್ನು ಹಿಡಿಯುವುದು ಹೇಗೆ ಅನ್ನುವುದನ್ನೂ ಯೋಚಿಸಿದ್ದೆ. ನಾನು ಮನೆಯಲ್ಲಿ ಕೂತರೆ ಸಾಕು. ಮೈಯಾದರೂ ಅಲ್ಲೇ ಇರುತ್ತದಲ್ಲ, ಹೆಂಡತಿ ಕಣ್ಣೆದುರು ಇದ್ದರೆ ಯಾವಳು ಬರುತ್ತಾಳೆ? ಹಿಡಿಯದಿದ್ದರೆ ಬೇಡ, ಅವಳು ಬರುವುದು ನಿಂತರೆ ಸಾಕು ಅನ್ನುವಲ್ಲಿಗೆ ಬಂದಿದ್ದೆ.

ನಮ್ಮವರು ಅರ್ಜಿ ನೋಡಿದರು. ಊಟದ ತಟ್ಟೆಯ ಮುಂದೆ ಕೂತಿದ್ದವರು ಕೈ ತೊಳೆದು ಎದ್ದುಬಿಟ್ಟರು.

"ಬೇಡ" ಅಂದರು. "ಆರು ವರ್ಷ ತಡ್ಕೊ."

"ಯಾಕೆ ತಡ್ಕೋಬೇಕು? ಕಾರಣ ಹೇಳಿ."

"ಕಾರಣ ಹೇಳೋಕಾಗಲ್ಲ. ನನ್ನ ಮೇಲೆ ಆಣೆ, ತಡ್ಕೊ. ಇಡೀ ಮಧ್ಯಾಹ್ನ ತಗೊ. ಆಮೇಲೆ ನೀನೇ ನನ್ನನ್ನ ಹೊಗಳ್ತೀಯ."

ನಲವತ್ತು ವರ್ಷ ಮೊಳೆ ಜೋಡಿಸಿದ ಆ ಬೆರಳುಗಳು ನಡುಗುತ್ತಿದ್ದವು. ನಾನು ಎಷ್ಟೋ ಅಂಗಡಿಗಳಲ್ಲಿ ಅಂಥ ನಡುಕ ಕಂಡಿದ್ದೇನೆ, ಪ್ರತಿ ಸಲವೂ ಗಲ್ಲಾಪೆಟ್ಟಿಗೆಯಡಿ ಏನಾದರೂ ಸಿಕ್ಕಿದೆ. ನನ್ನನ್ನು ಆರು ವರ್ಷ ಮನೆಯಿಂದ ದೂರ ಇಡಬೇಕು ಅಂತ ಗಂಡ ಬೇಡಿಕೊಂಡರೆ ಅದಕ್ಕೆ ಏನರ್ಥ? ನೀವೇ ಹೇಳಿ. ಮಾರನೆಯ ಬೆಳಿಗ್ಗೆಯೇ ಹೋಗಿ ನೀಲಿ ಹೆಬ್ಬೆಟ್ಟು ಒತ್ತಿದೆ. ಕರಿಸಿದ್ದಪ್ಪ ಬೆರಳು ಒರೆಸಿಕೊಳ್ಳಲು ಚಿಂದಿ ಬಟ್ಟೆ ಕೊಟ್ಟ.

ಅಲ್ಲಿಂದ ನೇರ ತೂಕದ ಕಚೇರಿಗೆ ಹೋಗಿ ಪೆಟ್ಟಿಗೆ ಒಪ್ಪಿಸಬೇಕಿತ್ತು. ನನ್ನ ಜಾಗಕ್ಕೆ ಬಂದವಳು ಚುರುಕಾದ ಹೆಂಗಸು. ಬಟ್ಟುಗಳನ್ನು ಒಂದೊಂದಾಗಿ ತೆಗೆದು ನೋಡಿದಳು, ಮುದ್ರೆ ನೋಡಿದಳು. ಆಮೇಲೆ ಖಾಲಿ ಪೆಟ್ಟಿಗೆಯನ್ನು ಎತ್ತಿ ತಿರುವಿ ಹಾಕಿದಳು. ತಳದ ನಾಲ್ಕು ಮೂಲೆಗಳಲ್ಲಿ ಪುಟ್ಟ ಕಾಲುಗಳಂಥ ನಾಲ್ಕು ಹಿತ್ತಾಳೆಯ ಗುಬುಟುಗಳಿದ್ದವು. ಮೂವತ್ತೊಂದು ವರ್ಷ ಊರಿನ ತಕ್ಕಡಿಗಳನ್ನೆಲ್ಲ ತಿರುವಿ ಹಾಕಿ ನೋಡಿದವಳು ನನ್ನ ಪೆಟ್ಟಿಗೆಯ ತಳವನ್ನು ಒಂದು ದಿನವೂ ನೋಡಿರಲಿಲ್ಲ.

"ಸ್ವಲ್ಪ ಕೊಡಮ್ಮ ಇಲ್ಲಿ" ಅಂದೆ. ಗೇಣು ಹಾಕಿದೆ. ಒಂದು ಗೇಣು, ಮೇಲೆ ಎರಡು ಬೆರಳು. ಮತ್ತೊಮ್ಮೆ ಹಾಕಿದೆ. ಅಷ್ಟೇ ಬಂತು.

ಕಚೇರಿಯಿಂದ ಮನೆಗೆ ಹೇಗೆ ನಡೆದೆನೋ ಗೊತ್ತಿಲ್ಲ. ದಾರಿಯಲ್ಲಿ ಹನ್ನೆರಡರ ಗಂಟೆ ಬಡಿಯಿತು. ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ. ಬಿಟ್ಟರೆ ಅದೇ ಬೀದಿ, ಅದೇ ಬಿಸಿಲು. ನನ್ನ ನೆರಳು ಕಾಲ ಬುಡದಲ್ಲೇ ಇತ್ತು. ಮೂವತ್ತೊಂದು ವರ್ಷದ ಮೇಲೆ ನಾನು ಕಂಡ ಮೊದಲ ಮಧ್ಯಾಹ್ನ ಅದು. ಸಂತೋಷಪಡಬೇಕಾಗಿತ್ತು. ಎದುರುಮನೆಯ ಮೇಷ್ಟ್ರು ಅಷ್ಟು ಹೆದರಿದ್ದೇಕೆ ಅನ್ನುವುದು ಆಗ ಹೊಳೆಯಿತು. ಬೇರೆ ಯಾವಳಾದರೂ ಬರುತ್ತಿದ್ದರೆ ಅವರಿಗೆ ಹೇಳಲು ಭಯವಿರುತ್ತಿರಲಿಲ್ಲ. ನನಗೆ ಹೇಳಬಾರದ ಮಧ್ಯಾಹ್ನ ಅಂದರೆ ನನ್ನದೇ ಮಧ್ಯಾಹ್ನ.

ನಮ್ಮವರು ಜಗಲಿಯ ಮೇಲೆ ಕೂತಿದ್ದರು. ನನ್ನ ಹೆಬ್ಬೆರಳಿನ ನೀಲಿ ನೋಡಿದರು.

"ಒತ್ತಿಬಿಟ್ಯಾ?"

"ಒತ್ತಿದೆ. ಈಗ ಹೇಳಬಹುದಲ್ಲ? ಹೆಬ್ಬೆಟ್ಟು ಬಿದ್ದ ಮೇಲೆ ಮೂರರ ಆಚೆಯದು ಹೇಗೂ ನನ್ನ ಕೈಗೆ ಬರಲ್ಲ, ಹಳಸೋಕೆ ಏನೂ ಉಳಿದಿಲ್ಲ. ಹೇಳಿ. ಯಾರು ಬರ್ತಿದ್ದದ್ದು?"

"ನೀನೇ" ಅಂದರು. "ಇನ್ಯಾರು ಬರ್ತಾರೆ ನನ್ನ ನೋಡೋಕೆ? ನಾನು ಮನೇಲಿ ಕೂತ ಎರಡನೇ ವಾರ, ಮೂರೂವರೆಗೆ ನೀನು ಬಂದೆ. ಪೆಟ್ಟಿಗೆ ಅಲ್ಲಿಟ್ಟೆ. ಈ ಕಡೆ ಬೀದಿ ಪರೀಕ್ಷೆ ಮುಗೀತು, ಗಂಟಲು ಒಣಗಿದೆ, ಏನಾದ್ರೂ ಕೊಡ್ತೀರಾ ಅಂದೆ. ನನಗೆ ಒಲೆ ಹಚ್ಚೋಕೆ ಬರಲ್ಲ ಅಂದೆ ನಾನು. ಬನ್ನಿ ತೋರಿಸ್ತೀನಿ ಅಂದೆ ನೀನು. ಶುಂಠಿ ಎಷ್ಟು ಜಜ್ಜಬೇಕು ಅಂತ ಹೇಳಿಕೊಟ್ಟೆ. ಅವತ್ತಿಂದ ದಿನಾ ಬರ್ತಿದ್ದೆ. ದೀಪದ ಹೊತ್ತಿನವರೆಗೆ ಇಲ್ಲೇ ಕೂತಿರ್ತಿದ್ವಿ."

"ಏನು ಮಾತಾಡ್ತಿದ್ವಿ?"

"ಏನೇನೋ. ಅಂಗಡಿಯವರ ಕಳ್ಳಾಟ ಎಲ್ಲಾ ಅಭಿನಯ ಮಾಡಿ ತೋರಿಸ್ತಿದ್ದೆ. ಎಷ್ಟು ನಗ್ತಿದ್ದೆ ಗೊತ್ತಾ? ಮೇಷ್ಟ್ರು ಕಿಟಕಿಯಿಂದ ಇಣುಕಿ ನೋಡೋರು. ಒಂದು ದಿನ ನನ್ನ ತಲೆ ನೀನೇ ಬಾಚಿದೆ. ಹೀಗೆ ಕೆದರಿಕೊಂಡು ಕೂರಬೇಡಿ, ನಾನು ಬರೋ ಹೊತ್ತಿಗೆ ಚೆನ್ನಾಗಿರಿ ಅಂದ್ಲು."

"ಅಂದೆ" ಅಂತ ತಿದ್ದಿದೆ.

"ಹೂಂ, ಅಂದೆ."

ನನಗೆ ನಂಬಬೇಕೋ ಬೇಡವೋ ತಿಳಿಯಲಿಲ್ಲ. ಬಗ್ಗಿ ಜಗಲಿಯ ಗುಳಿಗಳಿಗೆ ಗೇಣು ಹಾಕಿದೆ. ಅಳತೆ ಸುಳ್ಳು ಹೇಳುತ್ತಿರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾನು ಮನೆಯಲ್ಲಿ ಯಾವತ್ತೂ ಅಂಗಡಿಯವರನ್ನು ಅಭಿನಯಿಸಿ ತೋರಿಸಿದವಳಲ್ಲ. ಸಂಜೆ ಬಂದರೆ ಸೊಂಟ ಹಿಡಿದಿರುತ್ತಿತ್ತು, ಅನ್ನ ಸಾರು ಮಾಡಿ ಮಲಗುತ್ತಿದ್ದೆ.

"ಅವಳಿಗೆ ಗೊತ್ತಿತ್ತಾ?" ಅಂದೆ. "ನನಗೆ ನಿಮ್ಮ ಮೇಲೆ ಸಂಶಯ ಅಂತ?"

"ಗೊತ್ತಿತ್ತು. ಬೆಳಗಿಂದು ಸಂಜೇದು ಎಲ್ಲಾ ಅವಳಿಗೆ ಗೊತ್ತಿರುತ್ತಲ್ಲ. ನಗೋಳು. ಆರು ವರ್ಷ ತಡ್ಕೋತಾಳೋ ಇಲ್ವೋ ನೋಡೋಣ ಅನ್ನೋಳು. ತಡ್ಕೊಂಡ್ರೆ ಈ ಹೊತ್ತೆಲ್ಲಾ ಅವಳಿಗೇ ಅನ್ನೋಳು."

ಈ ಸಲ ನಾನು ತಿದ್ದಲಿಲ್ಲ, ಅವರೂ ತಿದ್ದಿಕೊಳ್ಳಲಿಲ್ಲ.

ಒಳಗೆ ಹೋಗಿ ಚಾಪೆ ಹಾಸಿಕೊಂಡು ಮಲಗಿದೆ. ಶಿವನಂಜಮ್ಮ ಹೇಳಿದ್ದು ನಿಜ, ನೊಣ ಬಿಡಲಿಲ್ಲ. ಬೆವರು ಇಳಿಯುತ್ತಿತ್ತು. ಮೂವತ್ತೊಂದು ವರ್ಷ ಒಂದೂ ಬಿಡದೆ ಕೂಡಿಟ್ಟೆ, ಹಬ್ಬದ ದಿನವೂ ಕೂಡಿಟ್ಟೆ. ಕೊನೆಗೆ ನನ್ನನ್ನೇ ಹಿಡಿಯಲು ಅದನ್ನೆಲ್ಲ ಸುರಿದುಬಿಟ್ಟೆ. ಅಳು ಬಂತು, ಅತ್ತೆ. ಅತ್ತು ಮುಗಿದ ಮೇಲೆ ಗಡಿಯಾರ ನೋಡಿದೆ. ಎರಡು ಗಂಟೆ ಹತ್ತು ನಿಮಿಷ.

ಎದ್ದು ಜಗಲಿಗೆ ಹೋದೆ. "ಕೇಳ್ರೀ, ಒಂದು ಕೆಲಸ ಮಾಡಿ. ಟೀ ಮೂರೂವರೆಗೆ ಬೇಡ. ಇನ್ಮೇಲೆ ಎರಡೂವರೆಗೇ ಮಾಡಿ. ನಾನೂ ನೀವೂ ಕೂತು ಕುಡಿಯೋಣ. ನಾನೂ ನಗ್ತೀನಿ. ಅಂಗಡಿಯವರ ಕಥೆ ನನಗೂ ಬರುತ್ತೆ."

ಅವರಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಅವರು ತಲೆ ಕೆರೆದುಕೊಂಡರು. ಕೈಗೆಟುಕದ ಬೆಲೆ ಕೇಳಿದ ಗಿರಾಕಿಯ ಹಾಗೆ ಬೀದಿಯ ಆ ತುದಿ ಈ ತುದಿ ನೋಡಿದರು.

"ಆಗಲಿ" ಅಂದರು. "ಮೂರೂವರೆಗೆ ಅವಳನ್ನೂ ಒಂದು ಮಾತು ಕೇಳಿಬಿಡ್ತೀನಿ."

"ಅವಳನ್ನ ಕೇಳೋದೇನು? ಅವಳು ಅಂದ್ರೆ ನಾನೇ ಅಂತ ನೀವೇ ಹೇಳಿದ್ರಿ."

"ಹೌದು ಹೌದು. ನೀನೇ. ಆದ್ರೂ ಅವಳಿಗೆ ಒಂದು ಅಭ್ಯಾಸ ಆಗಿದೆ. ಹೇಳದೆ ಕೇಳದೆ ಬದಲಾಯಿಸಿದ್ರೆ ಏನಂದ್ಕೋತಾಳೆ?"

ಆದರೂ ಆ ದಿನ ನನ್ನ ಮನಸ್ಸು ನೋಯಿಸಬಾರದು ಅಂತ ಎದ್ದು ಒಲೆ ಹಚ್ಚಿದರು. ಎಷ್ಟು ಚೆನ್ನಾಗಿ ಹಚ್ಚಿದರು ಅಂದರೆ ನನಗೆ ಹೊಟ್ಟೆಕಿಚ್ಚಾಯಿತು. ಟೀ ತಂದು ನನ್ನ ಕೈಗೆ ಕೊಟ್ಟರು, ಅಂಚು ನಗ್ಗಿದ ಲೋಟದಲ್ಲಿ. ಒಂದೇ ಲೋಟ.

"ನಿಮಗೆ?"

"ನಾನು ಆಮೇಲೆ ಕುಡೀತೀನಿ. ಎರಡೆರಡು ಸಲ ಕುಡಿದ್ರೆ ನಿದ್ದೆ ಬರಲ್ಲ."

ನಾನು ಬೇಳೆ ಅಂಗಡಿಯವನು ಕಿರುಬೆರಳು ಒತ್ತುವುದನ್ನು ಅಭಿನಯಿಸಿ ತೋರಿಸಿದೆ. ಅವರು ನಕ್ಕರು. ಮೊದಲೇ ಕೇಳಿದ್ದ ಕಥೆಗೆ ನಕ್ಕ ಹಾಗೆ ನಕ್ಕರು. ಮೂರಕ್ಕೆ ಐದು ನಿಮಿಷ ಇರುವಾಗ ಒಳಗೆ ಹೋಗಿ ಅಂಗಿ ಬದಲಾಯಿಸಿಕೊಂಡು ಬಂದರು, ಇಸ್ತ್ರಿಯದು. ಬಾಚಣಿಗೆ ತಂದು ನನ್ನ ಪಕ್ಕದಲ್ಲಿಟ್ಟರು. ನಾನು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಗಂಟೆ ಬಡಿಯಿತು.

ಹಿತ್ತಲಲ್ಲಿ ಕಾಲು ತೊಳೆಯುತ್ತಾ ನಿಂತಿದ್ದೆ. ದೀಪದ ಹೊತ್ತು. ನಡುಮನೆಯಲ್ಲಿ ನಮ್ಮವರು ತಮ್ಮಷ್ಟಕ್ಕೇ ನಗುತ್ತಿದ್ದರು, ನನ್ನ ಹೆಜ್ಜೆಯ ಸದ್ದು ಕೇಳಿ ಕೆಮ್ಮಿದರು. ನಾನು ಮಾತಾಡಿಸದೆ ಅಡುಗೆಮನೆಗೆ ಹೋದೆ. ಮೂರು ಲೋಟ ಬೋರಲು ಹಾಕಿದ್ದವು. ಮೂರರಲ್ಲಿ ಎರಡು ನಾನೇ ಕುಡಿದದ್ದು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೂ ಕೈ ಕೇಳಬೇಕಲ್ಲ. ಒಂದೊಂದಾಗಿ ಎತ್ತಿ ಮೂಸಿದೆ. ಎರಡರಲ್ಲಿ ಶುಂಠಿಯ ವಾಸನೆ ಘಮ್ಮೆನ್ನುತ್ತಿತ್ತು. ಅಂಚು ನಗ್ಗಿದ ಲೋಟವನ್ನು ಎರಡು ಸಲ ಮೂಸಿ ನೋಡಿದೆ. ಕಥೆ ಹೇಳುವ ಭರದಲ್ಲಿ ಕುಡಿಯುವಾಗ ರುಚಿ ಗೊತ್ತಾಗಿರಲಿಲ್ಲ. ನನಗೆ ಕೊಟ್ಟ ಟೀಗೆ ಅವರು ಶುಂಠಿ ಹಾಕಿರಲಿಲ್ಲ.